ಹದಿನೇಳನೇ ಚೌಕದ ಉತ್ತರಾಣಿ

ದೊಡ್ಡಮ್ಮನಿಗೆ ನಮಸ್ಕಾರ. ನೀನು ಹೆಣೆದುಕೊಟ್ಟ ಉಣ್ಣೆ ಕಾಲುಚೀಲ ಇಲ್ಲಿ ನನ್ನ ಮಾನ ಕಳೆದಿದೆ. ಮರವೇ ಇಲ್ಲದ ಈ ಎತ್ತರದ ಹುಲ್ಲುಗಾವಲಿನಲ್ಲಿ ಒಂದು ಮೀಟರಿನ ಚೌಕಟ್ಟು ಇಟ್ಟು, ಅದರೊಳಗಿನ ಗಿಡಗಳನ್ನೆಲ್ಲ ಎಣಿಸಿ ಬರೆಯುವುದು ನಮ್ಮ ಕೆಲಸ. ಪ್ರತಿವರ್ಷವೂ ಅವೇ ಚೌಕಗಳು. ಹೋದ ವಾರ ಹದಿನೇಳನೆಯದರಲ್ಲಿ ಉತ್ತರಾಣಿ ಸಿಕ್ಕಿತು. ಹಿತ್ತಲಿಗೆ ಹೋದರೆ ನಿನ್ನ ಸೀರೆಗೆ ಅಂಟುತ್ತದಲ್ಲ, ಅದೇ. ನಮ್ಮ ಮೇಡಂ ಕುಣಿದಾಡಿಬಿಟ್ಟರು. "ಕೆಳಗಿನ ಕಳೆ ಇಷ್ಟು ಮೇಲೆ ಬಂದಿದೆ ಅಂದ್ರೆ ಬೆಟ್ಟ ಬಿಸಿ ಆಗ್ತಿದೆ ಅಂತಾನೇ ಅರ್ಥ!" ಎಂದು ಅಲ್ಲೇ ಕೂತು ಎರಡು ಪುಟ ವರದಿ ಬರೆದರು. ನನಗೆ ಆ ಚಳಿಯಲ್ಲೂ ಬೆವರಿತು. ಹೋದ ವರ್ಷ ಊರಿಂದ ಬಂದ ಮರುದಿನ ಆ ಚೌಕದ ಪಕ್ಕ ಕೂತು, ಕಾಲುಚೀಲಕ್ಕೆ ಅಂಟಿದ್ದ ಬೀಜ ಕಿತ್ತು ಎಸೆದವಳು ನಾನೇ.

ಕಡೆಗೆ ಬಾಯಿ ಬಿಟ್ಟೆ. "ಮೇಡಂ, ಅದು ನಮ್ಮ ದೊಡ್ಡಮ್ಮನ ಹಿತ್ತಲಿಂದ ಬಂದಿದ್ದು." ಅವರು ಎರಡೂ ಪುಟ ಹರಿದರು. ಗಿಡ ಕೀಳುವ ಕೆಲಸ ನನಗೇ ಬಿತ್ತು. ಬೇರು ಚೆನ್ನಾಗಿ ಇಳಿದಿತ್ತು, ಅರ್ಧ ಗಂಟೆ ಹಿಡಿಯಿತು. ಈಗ ದಿನಾ ಹೊರಡುವ ಮುಂಚೆ ಎಲ್ಲರೂ ಕಾಲುಚೀಲಕ್ಕೆ ಬ್ರಶ್ ಹಾಕಬೇಕು. ನನ್ನದನ್ನು ಮೇಡಂ ಖುದ್ದಾಗಿ ನೋಡುತ್ತಾರೆ.

ನೀನು ಕೇಳಿದ್ದೆಯಲ್ಲ, ಕೆಮ್ಮು ಕಡಿಮೆಯಾಗಿದೆ, ಆದರೆ ಚಳಿ ಮೂಳೆ ಕೊರೆಯುತ್ತದೆ. ಇನ್ನೊಂದು ಜೊತೆ ಹೆಣೆದು ಕಳಿಸು. ಒಗೆದು ಕಳಿಸುವುದಾದರೆ ಹಿತ್ತಲಲ್ಲಿ ಮಾತ್ರ ಒಣಹಾಕಬೇಡ.

ನಿನ್ನ ಸಣ್ಣಿ