ಎರಡನೇ ಒಲೆ

ಮೂರನೇ ಮಹಡಿಯ ಮುಂದಿನ ಕೋಣೆಯಿಂದ,
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಮಗಳೇ,

ಹೇಗಿದ್ದೀಯಾ? ನೈಟ್ ಡ್ಯೂಟಿ ಮುಗಿಸಿ ಬಂದು ಊಟ ಮಾಡದೆ ಮಲಗುವ ಚಾಳಿ ಬಿಟ್ಟೆಯೋ ಇಲ್ಲವೋ. ಊರವರ ನಾಡಿ ಹಿಡಿಯುವವಳಿಗೆ ತನ್ನ ಹೊಟ್ಟೆ ಕೂಗುವುದು ಕೇಳುವುದಿಲ್ಲ ಎಂದು ನಿನ್ನಮ್ಮ ಇದ್ದಿದ್ದರೆ ಬೈಯುತ್ತಿದ್ದಳು. ಅವಳ ಪರವಾಗಿ ನಾನು ಬೈದಿದ್ದೇನೆ ಅಂದುಕೋ. ನಾನಿಲ್ಲಿ ಕ್ವೈಟ್ ವೆಲ್. ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುಷ್ಕರ ಹೂಡುತ್ತದೆ. ನಿನ್ನ ದೊಡ್ಡವಳಿಗೆ ಮುಂದಿನ ಹಲ್ಲು ಬಿದ್ದಿದೆ, ಗುಂಡನ ಉಬ್ಬಸ ಈ ವಾರ ಸುಮ್ಮನಿದೆ. ನಿನ್ನ ಗಂಡ ಎಂದಿನಂತೆಯೇ: ಬಸ್ ಡಿಪೋದಿಂದ ಬಂದು ಕೈಯ ಗ್ರೀಸ್ ತೊಳೆಯುವಷ್ಟು ಹೊತ್ತು ಮೌನ, ಆಮೇಲೂ ಮೌನ.

ಫೋನಿನಲ್ಲಿ ಎಲ್ಲರ ಕಿವಿ ಇರುತ್ತದೆ, ಅದಕ್ಕೇ ಈ ಕಾಗದ. ಬೊಕ್ಕಸ ತಳ ಕಂಡಿದೆ ಎಂದು ರೇಡಿಯೋದವರು ದಿನಾ ಹೇಳಿ ಹೇಳಿ, ನಾವೇ ಸಾಲ ಮಾಡಿದಷ್ಟು ನಾಚಿಕೆ ಆಗಿಹೋಗಿದೆ. ನಮ್ಮ ಕಾಲೇಜಿನ ಎಕನಾಮಿಕ್ಸ್ ಮೇಷ್ಟ್ರು ಇದಕ್ಕೆ ಫಿಸ್ಕಲ್ ಏನೋ ಅನ್ನುತ್ತಿದ್ದರು. ಮೊದಲ ಪದ ನೆನಪಿದೆ, ಎರಡನೆಯದು ಈಗ ಮನೆಗೇ ಬಂದಿದೆ. ಪಿಂಚಣಿದಾರ ಇರುವ ಮನೆಗೆ ಇನ್ನು ಮಕ್ಕಳ ಭತ್ಯೆ ಇಲ್ಲವಂತೆ. ನೀರಿನ ಮೀಟರ್ ಓದಿ ಓದಿ ಸವೆದ ಕಾಲಿಗೆ ಸಿಗುವ ನನ್ನ ಪಿಂಚಣಿ ಔಷಧದಂಗಡಿ ದಾಟಿ ಮನೆಯವರೆಗೆ ಬಂದದ್ದೇ ಇಲ್ಲ, ಆದರೂ ಅದು ಇಡೀ ಕುಟುಂಬವನ್ನು ಸಾಕುತ್ತದೆ ಎಂದು ಸರ್ಕಾರದ ನಂಬಿಕೆ. ಒಂದೇ ಒಲೆಯ ಮೇಲೆ ಬೆಂದದ್ದನ್ನು ಉಂಡರೆ ಒಂದೇ ಕುಟುಂಬ, ಒಲೆ ಬೇರೆಯಾದರೆ ಕುಟುಂಬವೂ ಬೇರೆ. ಇದು ನಿಯಮ. ಗುಂಡನ ಔಷಧ, ದೊಡ್ಡವಳ ಶಾಲೆಯ ವ್ಯಾನು ಎಲ್ಲ ಆ ಭತ್ಯೆಯ ಮೇಲೇ ನಡೆಯುತ್ತಿತ್ತು. ಅದು ನಿಂತದ್ದಕ್ಕೇ ಅಲ್ಲವೇ ನೀನು ಆ ದೂರದೂರಿನ ಆಸ್ಪತ್ರೆಯಲ್ಲಿ ಇನ್ನೂ ಒಂದು ವರ್ಷ ಇರುತ್ತೇನೆ ಎಂದದ್ದು? ಗುಂಡ ನಿನ್ನನ್ನು ಫೋನ್ ಅಮ್ಮ ಅನ್ನುತ್ತಾನೆ, ಬೇರೆ ಅಮ್ಮನೂ ಇದ್ದಾಳೆ ಎನ್ನುವ ಹಾಗೆ.

ಕೆಳಗಿನ ದರ್ಜಿಯ ಸಲಹೆಯಂತೆ, ಅವನದೇ ಹಳೆಯ ಸ್ಟವ್ ತಂದು ನನ್ನ ಕಿಟಕಿಯ ಕೆಳಗಿಟ್ಟೆವು. ಮೇಲೊಂದು ಪಾತ್ರೆ, ಪಕ್ಕದಲ್ಲಿ ಉಪ್ಪಿನ ಡಬ್ಬಿ, ಥೇಟ್ ನಾಟಕದ ಸೀನು. ನಿನ್ನೆ ಭತ್ಯೆಯ ಕಚೇರಿಯಿಂದ ತಪಾಸಣೆಗೆ ಬಂದಾಕೆ ನಿನ್ನ ವಯಸ್ಸಿನವಳು, ಮೂರು ಮಹಡಿ ಹತ್ತಿ ಏದುಸಿರು ಬಿಡುತ್ತಿದ್ದಳು. ನಾನು ಎದ್ದು ನಿಂತು, ದಿಸ್ ಈಸ್ ಮೈ ಸೆಪರೇಟ್ ಕಿಚನ್ ಮೇಡಮ್, ಕೈಂಡ್ಲಿ ನೋಟ್ ಡೌನ್ ಎಂದೆ. ಪಾಪ, ಪೆನ್ನನ್ನೂ ತೆರೆದಿದ್ದಳು. ಅಷ್ಟರಲ್ಲಿ ನಿನ್ನ ಗಂಡ, ಬಂದವರನ್ನು ಬರಿಬಾಯಲ್ಲಿ ಕಳಿಸುವುದು ಹೇಗೆಂದು, ಒಳಗಿನಿಂದ ಟೀ ಹಿಡಿದು ಬಂದ. ಆಕೆಗೊಂದು ಲೋಟ ಕೊಟ್ಟು ನನ್ನ ಕಡೆ ತಿರುಗಿ, "ಮಾವಾ, ಇದು ನಿಮ್ದು. ಸಕ್ಕರೆ ಕಮ್ಮಿ ಹಾಕಿದೀನಿ, ದಿನಾ ಹಾಕೋ ಹಾಗೆ" ಅಂದ. ವಾರಕ್ಕೊಂದು ಮಾತಾಡದವನು! ಆಕೆ ಅವನನ್ನೂ ನೋಡಿದಳು, ನನ್ನ ತಣ್ಣಗಿನ ಒಲೆಯನ್ನೂ ನೋಡಿದಳು. "ಕಂಡಿದ್ದನ್ನ ಕಾಣಲಿಲ್ಲ ಅಂತ ಬರೆದ್ರೆ ನನ್ನ ಕೆಲಸ ಹೋಗುತ್ತೆ ತಾತ. ನಂಗೂ ಮಕ್ಕಳಿದಾವೆ." ಟೀ ಪೂರ್ತಿ ಕುಡಿದು, ಒಂದೇ ಕುಟುಂಬ ಎಂದು ಬರೆದುಕೊಂಡು ಹೋದಳು. ನನಗೆ ಸಿಟ್ಟೂ ಬರಲಿಲ್ಲ. ಅದಕ್ಕೂ ಶಕ್ತಿ ಬೇಕು. ನಿನ್ನ ಗಂಡ ಮಾತ್ರ ಊಟ ಬಿಟ್ಟು ಕೂತ. ಅವನನ್ನು ಬೈಯಬೇಡ ಮಗಳೇ. ಅವನು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಮಕ್ಕಳಿಬ್ಬರೂ ಈ ಕಾಗದಕ್ಕೆ ಮುತ್ತು ಕೊಟ್ಟಿದ್ದಾರೆ. ಮೂಲೆಯ ಜಿಡ್ಡು ಗುಂಡನದು. ಬೆಚ್ಚಗಿರು, ಹೊಟ್ಟೆ ತುಂಬ ಉಣ್ಣು, ನಿನಗೆ ಒಳ್ಳೆಯದೇ ಆಗಲಿ.

ಯುವರ್ಸ್ ಒಬೀಡಿಯಂಟ್ಲಿ (ಇದು ಮೇಲಧಿಕಾರಿಗೆ ಬರೆಯುವುದೋ ಮಗಳಿಗೋ, ಮರೆತಿದೆ),
ಅಪ್ಪ

ತಾ.ಕ.: ಅಂಚೆಯವನ ಸೈಕಲ್ ಬಂದಾಯಿತು, ಬೇಗ ಬರೆಯುತ್ತೇನೆ. ಆ ಇನ್ನೊಂದು ವರ್ಷದ ಕಾಗದಕ್ಕೆ ಸಹಿ ಹಾಕಬೇಡ. ದರ್ಜಿಯ ಅಂಗಡಿಯ ಹಿಂದಿನ ಕೋಣೆ ಖಾಲಿ ಇದೆ, ಭಾನುವಾರ ಅಲ್ಲಿಗೇ ವಾಸಕ್ಕೆ ಹೋಗುತ್ತೇನೆ, ಈ ಸಲ ನಿಜವಾಗಿ. ಮಂಡಿಗೆ ಒಳ್ಳೆಯದು ಎಂದಷ್ಟೇ ನಿನ್ನ ಗಂಡನಿಗೆ ಹೇಳಿದ್ದೇನೆ. ಟೀಗೆ, ಊಟಕ್ಕೆ ಮೇಲೆ ಬರುತ್ತೇನೆ ಎಂದು ಅವನು ನಂಬಿದ್ದಾನೆ. ಬರುವುದಿಲ್ಲ, ಬಂದರೆ ಮತ್ತೆ ಒಂದೇ ಒಲೆ. ಸ್ಟವ್ ಹಚ್ಚುವುದು ಕಲಿತೆ, ಟೀಯನ್ನೂ ಮಾಡಿ ನೋಡಿದೆ, ಬಾಯಿಗಿಡಲಾಗಲಿಲ್ಲ. ಸಕ್ಕರೆ ಕಮ್ಮಿ ಎಂದರೆ ಎಷ್ಟು ಚಮಚ ಎಂದು ಅವನಿಗೊಬ್ಬನಿಗೇ ಗೊತ್ತು. ನಾನು ಕೇಳಿದರೆ ಎಲ್ಲ ತಿಳಿದುಬಿಡುತ್ತಾನೆ. ನೀನು ಫೋನಿನಲ್ಲಿ ಬೇರೆ ಯಾವುದೋ ಮಾತಿನ ನಡುವೆ ಕೇಳಿ, ನನಗೆ ಬರೆ.