ಒಲ್ಲದವನು, ಆಗದವನು

ಉಮದಿ
೧೨ ಎಪ್ರಿಲ್ ೨೦೨೪

ಮುದ್ದಿನ ಮಗ ತಾನಾಜಿಗೆ,

ಅವ್ವ ನಿನ್ನನ್ನು ದಿನವೂ ನೆನೆಯುತ್ತಾಳೆ. ದೇವರು ನಿನ್ನನ್ನು ಸುಖವಾಗಿ ಇಟ್ಟಿರಲಿ. ಬರೆಯುವುದು ತಡವಾಯಿತು, ಸಿಟ್ಟಾಗಬೇಡ. ನಿನ್ನ ಹಳೇ ನಂಬರು ಹತ್ತುತ್ತಿಲ್ಲ. ನೀನು ಪುಣೆಯ ಕಡೆ ಯಾವುದೋ ಪ್ರಾರ್ಥನಾ ಆಶ್ರಮದಲ್ಲಿದ್ದೀ ಎಂದಷ್ಟೇ ಗೊತ್ತಿತ್ತು. ನಮ್ಮ ನೆರೆಮನೆಯ ರೇವಣ್ಣ ಮಿರಜಿನ ಕ್ರೈಸ್ತ ಸಭೆಗೆ ಹೋದಾಗ ಅವರಿವರನ್ನು ಕೇಳಿ ಈ ವಿಳಾಸ ತಂದ. ಅಲ್ಲಿ ಯಾರೂ ದುಡಿಯಲು ಹೋಗುವುದಿಲ್ಲವಂತೆ, ಊಟದ ಹೊತ್ತಿಗೆ ದೇವರೇ ಯಾರನ್ನಾದರೂ ಕಳಿಸುತ್ತಾನಂತೆ. ಹೌದೇನೋ?

ಮುಂದಿನದನ್ನು ಬರೆಯಲು ಕೈ ಓಡುತ್ತಿಲ್ಲ. ನಿಮ್ಮಪ್ಪ ಇನ್ನಿಲ್ಲ, ತಾನಾಜಿ. ಈಸ್ಟರ್ ಹಬ್ಬದ ಮರುದಿನ ಮಧ್ಯಾಹ್ನ ತೀರಿಕೊಂಡರು. ಮಣ್ಣು ಕೊಡುವಾಗ ಮಗನ ಜಾಗದಲ್ಲಿ ರೇವಣ್ಣ ನಿಂತ.

ಜನವರಿಯಲ್ಲಿ ಅವರಿಗೆ ಲಕ್ವಾ ಹೊಡೆಯಿತು. ಒಣದ್ರಾಕ್ಷಿ ಶೆಡ್ಡುಗಳಿಗೆ ಹೊದಿಸುವ ಪ್ಲಾಸ್ಟಿಕ್ ತಾಡಪತ್ರಿ ಹೊಲಿಯುವ ಕೆಲಸ ಆಗಷ್ಟೇ ಜೋರಾಗಿತ್ತು. ಅಂಗಳದ ತುಂಬ ನೀಲಿ ತಾಡಪತ್ರಿ ಹರಡಿಕೊಂಡು ಕುಳಿತವರು ಕುಳಿತಲ್ಲೇ ಬಲಕ್ಕೆ ವಾಲಿದರು. ವಿಜಯಪುರದ ದವಾಖಾನೆಯಲ್ಲಿ ಜೀವ ಉಳಿಯಿತು, ಬಲಗೈ ಮಾತ್ರ ಉಳಿಯಲಿಲ್ಲ. ಮನೆಗೆ ಬಂದ ಮೇಲೆ ಎಡಗೈಯಲ್ಲಿ ದಬ್ಬಣ ಹಿಡಿದು ನೋಡಿದರು. ಹೊಲಿಗೆ ಸೊಟ್ಟ ಹೋಯಿತು. ಬಿಚ್ಚಿದರು, ಮತ್ತೆ ಹೊಲಿದರು. ಕೊನೆಗೆ ದಬ್ಬಣ ಡಬ್ಬಿಗೆ ಹಾಕಿ ಮುಚ್ಚಿದರು.

ಯೇಸುವಿನ ಎಲ್ಲ ಅಪೊಸ್ತಲರಿಗಿಂತ ಪೌಲನ ಮೇಲೆ ಅವರಿಗೆ ಜೀವ. "ಅಂವಾ ಡೇರೆ ಹೊಲದ ಉಂಡ, ನಾ ತಾಡಪತ್ರಿ ಹೊಲದ ಉಣ್ತೇನಿ" ಎನ್ನುತ್ತಿದ್ದರು. ಇಷ್ಟು ವರ್ಷ ಭಾನುವಾರದ ಪ್ರಾರ್ಥನೆ ನಮ್ಮ ಮನೆಯಲ್ಲೇ ನಡೆಸಿದರೂ ಕಾಣಿಕೆಯ ಒಂದು ಹಿಡಿ ಜೋಳವನ್ನು ನಮ್ಮ ಅಡುಗೆಮನೆಗೆ ತಂದವರಲ್ಲ. ಈಗ ಪ್ರಾರ್ಥನೆಗೆ ಬರುವವರೇ ಸರದಿಯಂತೆ ರೊಟ್ಟಿ, ಪಲ್ಯ ತರತೊಡಗಿದರು. ರೇವಣ್ಣನ ಹೆಂಡತಿ ಗುರವ್ವ ಬುಟ್ಟಿ ಇಟ್ಟು "ಉಣ್ರಿ ಅಣ್ಣಾರ" ಎಂದರೆ ಇವರು ಗೋಡೆಯ ಕಡೆ ಹೊರಳಿದರು.

ಅವಳು ಹೋದ ಮೇಲೆ ನಾನೆಂದೆ: "ದಿನಾ ಮುಂಜಾನಿ ನಮಗ ರೊಟ್ಟಿ ಕೊಡಪಾ ಅಂತ ದೇವರನ್ನ ಬೇಡ್ತೀರಿ. ಕೊಟ್ಟರ ಒಲ್ಲೆ ಅಂತೀರಿ."

"ದೇವರನ್ನ ಬೇಡೇನಿ. ಗುರವ್ವನ್ನ ಬೇಡಿಲ್ಲ."

"ದೇವರು ಯಾರ ಕೈಲೆ ಕೊಡಬೇಕ್ರಿ ಮತ್ತ?"

ಅವರು ಎಡಗೈಯಿಂದ ಬುಟ್ಟಿಯನ್ನು ನನ್ನ ಕಡೆ ಸರಿಸಿದರು.

ನಾನು ದ್ರಾಕ್ಷಿ ತೋಟಕ್ಕೆ ಕೂಲಿಗೆ ಹೋಗತೊಡಗಿದೆ. ನನ್ನ ದುಡಿಮೆಯದಾದರೂ ಉಂಡಾರು ಎಂದುಕೊಂಡೆ. ಮೊದಲು ಅರ್ಧ ರೊಟ್ಟಿ ಉಣ್ಣುತ್ತಿದ್ದರು, ಬರಬರುತ್ತ ಎರಡೇ ತುತ್ತು. ಕೇಳಿದರೆ, ದುಡಿಯದವನು ಉಣ್ಣಬಾರದೆಂದು ಪೌಲನೇ ಬರೆದಿದ್ದಾನೆ ಎನ್ನುವರು. ಕೆನ್ನೆ ಒಳಗೆ ಹೋದವು, ಅಂಗಿ ಮೈಮೇಲೆ ಜೋಲಾಡತೊಡಗಿತು. ಒಂದು ಸಂಜೆ ತಡೆಯಲಾಗದೆ ಸತ್ಯವೇದದ ಆ ಪುಟ ತೆಗೆದು ಅವರ ಮುಂದೆ ಹಿಡಿದೆ.

"ನೀವಽ ಓದ್ರಿ. ದುಡಿಯಾಕ ಒಲ್ಲದಾಂವ ಅಂತ ಬರದೈತಿ. ಆಗದಾಂವ ಅಂತ ಎಲ್ಲಿ ಐತಿ, ತೋರಿಸ್ರಿ."

ಓದಿದರು. ಆ ಶಬ್ದದ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿಕೊಂಡರು. "ಇಷ್ಟ ವರ್ಷ ಓದೇನಿ. ಇದು ಕಣ್ಣಿಗಿ ಬಿದ್ದಿದ್ದಿಲ್ಲ ನೋಡು" ಎಂದರು. ಅಂದು ಗುರವ್ವನ ಮನೆಯ ಅಂಬಲಿಯನ್ನು ನಾನೇ ಕುಡಿಸಿದೆ. ಬಟ್ಟಲು ತೊಳೆಯುವ ನೆವ ಮಾಡಿ ಹಿತ್ತಲಿಗೆ ಹೋಗಿ ಅತ್ತೆ, ಸಂತೋಷಕ್ಕೆ.

ಆದರೆ ಮೈ ಅಷ್ಟರಲ್ಲಿ ಸೋತುಹೋಗಿತ್ತು. ಜ್ವರ ಬಂತು, ಎದೆಯಲ್ಲಿ ಕಫ ಕಟ್ಟಿತು. "ತಡ್ಕೊಳ್ಳೂ ಶಕ್ತಿನ ಇಲ್ಲಲ್ಲವಾ ಇವರಿಗೆ" ಎಂದರು ಡಾಕ್ಟರು. ವಾರದೊಳಗೆ ಹೋದರು.

ನನ್ನ ಚಿಂತೆ ಮಾಡಬೇಡ. ಆದ ದಿನ ಕೂಲಿಗೆ ಹೋಗುತ್ತೇನೆ. ಆಗದ ದಿನ ಗುರವ್ವ ಕಳಿಸಿದ್ದನ್ನು ಉಣ್ಣುತ್ತೇನೆ. ನಾಚಿಕೆ ಎನಿಸುತ್ತದೆ, ಆದರೂ ಉಣ್ಣುತ್ತೇನೆ. ನೀನೂ ಅಲ್ಲಿ ಉಪವಾಸ ಬಹಳ ಮಾಡಬೇಡ, ಸಣ್ಣವನಿದ್ದಾಗಿನಿಂದ ನಿನಗೆ ಹಸಿವು ತಾಳದು. ದೇವರ ಕೈ ನಿನ್ನ ತಲೆಯ ಮೇಲಿರಲಿ, ನೀನು ಇದ್ದಲ್ಲೆಲ್ಲ ಇರಲಿ.

ನಿನ್ನ ಅವ್ವ,
ಶುಭಾಂಗಿ

ತಾ.ಕ.: ಒಂದು ಮಾತನ್ನು ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಎರಡು ವರ್ಷದ ಹಿಂದೆ ನೀನು ಹೊಲಿಗೆ ಬಿಟ್ಟು, ಬಿತ್ತದ ಹಕ್ಕಿಗಳನ್ನು ಸಾಕುವ ದೇವರು ನನ್ನನ್ನೂ ಸಾಕುತ್ತಾನೆ ಎಂದಾಗ, ಪೌಲನ ಅದೇ ಮಾತು ಹೇಳಿ ಅಪ್ಪ ನಿನ್ನ ಮುಂದಿನ ತಾಟು ಎತ್ತಿದರು. ನೀನು ಅರ್ಧ ಊಟದಲ್ಲೇ ಎದ್ದು ಹೋದೆ. ಅಂಬಲಿ ಕುಡಿದ ದಿನ ನಾನು ಕೇಳಿದೆ, ಮಂದಿಯ ಹಂಗಿಗೆ ಅಂಜಿ ಇಷ್ಟು ಸೊರಗಿದಿರಾ ಎಂದು. "ಹಂಗ ಅಲ್ಲ. ಮಗನ ಮುಂದಿನ ತಾಟ ಎತ್ತೇನಿ. ಈಗ ನಾ ಕುಂತ ಉಂಡರ ಗಂಟಲದಾಗ ಹೆಂಗ ಇಳೀಬೇಕು?" ಎಂದರು. ತೀರುವ ಮುಂಚೆ ನನ್ನ ಕೈ ಹಿಡಿದು ಇಷ್ಟೇ ಹೇಳಿದರು: "ತಾನಾಜಿ ಬಂದರ ಮೊದಲ ಉಣ್ಣಾಕ ಹಾಕು. ಏನ ಕೆಲಸಾ ಮಾಡಾಕತ್ತಿ ಅಂತ ಕೇಳಬ್ಯಾಡ."

ಕೇಳುವುದಿಲ್ಲ, ಮಗನೇ. ಬಾ.