ಪುಟ್ಟಮಾದಮ್ಮನ ಕೈಗುಣ

ಆಗಸ್ಟ್ 18, ಸೋಮವಾರ

ಹನ್ನೊಂದನೇ ಪ್ಲಾಸ್ಟಿಕ್ ಬೆರಳೂ 3ಡಿ ಪ್ರಿಂಟರ್‌ನಲ್ಲಿ ಸೊಟ್ಟಗೆ ಬಂತು. ಬೈದುಕೊಂಡೇ ಹನ್ನೆರಡನೆಯದನ್ನು ಹಾಕಿದೆ. ಸರಿಯಾಯಿತು. ಒತ್ತಡ ಅಳೆಯುವ ಸೆನ್ಸರ್, ಬೆಳ್ಳಿ ಶಾಯಿಯ ಗೆರೆಗಳು — ಎಲ್ಲ ಪ್ಲಾಸ್ಟಿಕ್ಕಿನೊಳಗೇ ಸೇರಿ ಬಂದಿವೆ. ಹಿಡಿದೆತ್ತುವ ಮೂರು ಬೆರಳಿನ ಗ್ರಿಪ್ಪರ್, ಒಟ್ಟು ನಲವತ್ತೊಂದು ಗ್ರಾಂ. ರವಿಚಂದ್ರ ಅಂಗೈಯಲ್ಲಿಟ್ಟು ತೂಗಿದ. "ಮದ್ದೂರು ವಡೆಗಿಂತ ಹಗುರ ಕಣೇ ಸುನಿತಾ."

ಡಿಪ್ಲೊಮಾದಿಂದ ಜೊತೆ ನಾವು. ನಾನು ಮಂಡ್ಯದ ಈ ಕಾಲೇಜಿನಲ್ಲಿ ಲ್ಯಾಬ್ ಇನ್‌ಸ್ಟ್ರಕ್ಟರ್. ಇದೇ ಕಾಲೇಜು ಕೊಟ್ಟ ಕೋಣೆಯಲ್ಲಿ ಅವನ ಕಂಪನಿ; ಅದರ ಸೆನ್ಸರ್ ಕೆಲಸ ನನ್ನದು. ಹಣ್ಣಾದ ರೇಷ್ಮೆಹುಳುವನ್ನು ಹಿಸುಕದೆ ಎತ್ತಿ ಬಿದಿರಿನ ಚಂದ್ರಿಕೆಗೆ ಬಿಡಬೇಕು, ಗೂಡು ಕಟ್ಟಲು. ಅಷ್ಟೇ ಕೆಲಸ. ಅಷ್ಟಕ್ಕೇ ಎರಡು ವರ್ಷ ಹೋಯಿತು.

ಆಗಸ್ಟ್ 24, ಭಾನುವಾರ

ಮಳವಳ್ಳಿ ಬಸ್ಸು ಹಿಡಿದು ಊರಿಗೆ. ದೊಡ್ಡವ್ವ ಪುಟ್ಟಮಾದಮ್ಮನ ಬೆರಳಿಗೆ ಸೆನ್ಸರ್ ಪಟ್ಟಿ ಸುತ್ತಿ ಹುಳು ಆಯಿಸಿದೆ. ಅವ್ವ ಹೋದ ಮೇಲೆ ನನ್ನನ್ನು ಸಾಕಿದ ಕೈ ಅದು. ಊರಲ್ಲಿ ಯಾರ ಮನೆ ಹುಳು ಹಣ್ಣಾದರೂ ಮೊದಲ ಹುಳು ಚಂದ್ರಿಕೆಗೆ ಬಿಡಲು ಅವಳೇ ಬರಬೇಕು. ಅವಳ ಕೈಗುಣಕ್ಕೆ ಗೂಡು ಗಟ್ಟಿ ಬರುತ್ತದಂತೆ. ನಾನು ನಂಬುವವಳಲ್ಲ. ಆದರೆ ಗ್ರಾಫ್ ನೋಡಿದೆ — ಎಂಟುನೂರು ಹುಳು, ಒಮ್ಮೆಯೂ ಹಿಡಿತ ಹದಿನೆಂಟು ಗ್ರಾಂ ದಾಟಿಲ್ಲ. ಅದನ್ನೇ ಗ್ರಿಪ್ಪರ್‌ಗೆ ಮಿತಿ ಮಾಡಿದೆ.

"ನನ್ ಕೈನೇ ಅದ್ಕೆ ಕಲ್ಸ್‌ಬುಟ್ರೆ ನಂಗೇನ್ ಕೆಲ್ಸ ಉಳೀತದೆ ಮಗಾ?"

"ನೀನು ಕುಂತ್ಕಂಡು ಅದ್ಕೆ ಬೈಯಿ" ಅಂದೆ. ಹಲ್ಲಿಲ್ಲದ ಬಾಯಿ ತೆರೆದು ಜೋರಾಗಿ ನಕ್ಕಳು.

ಸೆಪ್ಟೆಂಬರ್ 11, ಗುರುವಾರ

ನಾಳೆ ಊರಲ್ಲೇ ಡೆಮೊ. ಬೆಂಗಳೂರಿನಿಂದ ಕಂಪನಿಗೆ ಬಂಡವಾಳ ಹಾಕುವವರು ಬರುತ್ತಾರೆ. ನೂರಕ್ಕೆ ಮೂರು ಹುಳು ಇನ್ನೂ ಜಾರುತ್ತಿವೆ. ರವಿಗೆ ಅದೇ ಚಿಂತೆ. "ಅವರ ಮುಂದೆ ಜಾರಿದರೆ ಮಾನ ಹೋಗುತ್ತೆ ಕಣೇ." ಜಾರಲಿ, ಹಿಸುಕುವುದಕ್ಕಿಂತ ವಾಸಿ ಅಂದೆ. ಆಯಿತು ಅಂದ. ಎಲ್ಲ ಅವನಿಗೇ ಒಪ್ಪಿಸಿ ಊರಿಗೆ ಸಂಜೆ ಐದರ ಬಸ್ಸು ಹತ್ತಿದೆ.

ಸೆಪ್ಟೆಂಬರ್ 12, ಶುಕ್ರವಾರ

ಹೊಂಬಾಳಮ್ಮನ ಹುಳುಮನೆ. ಮಹಿಳಾ ಸಂಘದವರೆಲ್ಲ ಬಂದಿದ್ದರು. "ಒಸ ಮಿಸೀನು, ಅಂಗೇ ಬುಡಬಾರ್ದು" ಅಂತ ದೊಡ್ಡವ್ವ ಗ್ರಿಪ್ಪರಿನ ಮೂರೂ ಬೆರಳಿಗೆ ಅರಿಶಿನ ಕುಂಕುಮ ಹಚ್ಚಿದಳು. ಯಾರೂ ಬೇಡ ಅನ್ನಲಿಲ್ಲ. ನಾನೇ ಫೋಟೊ ತೆಗೆದೆ.

ಮೊದಲ ಹುಳು ಒಡೆಯಿತು. ಎರಡನೆಯದೂ. ಐದು... ತಟ್ಟೆಯ ಕಾಗದವೆಲ್ಲ ಒದ್ದೆ. ಹೊಂಬಾಳಮ್ಮ ತಟ್ಟೆ ಎಳೆದುಕೊಂಡಳು. "ನಿಲ್ಸ್ರಪ್ಪ. ಬಾಯಿಲ್ಲದ್ ಜೀವ."

ರವಿ ಬೆರಳು ಮುಟ್ಟಿ ನೋಡಿದ. "ಕುಂಕುಮದ ತೇವ. ಸೆನ್ಸರ್ ಕೆಟ್ಟಿದೆ. ಯಾರು ಹಚ್ಚಿದ್ದು?"

ಎಲ್ಲರೂ ದೊಡ್ಡವ್ವನ ಕಡೆ ತಿರುಗಿದರು. ಅವಳು ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡಳು.

ಸೆಪ್ಟೆಂಬರ್ 13, ಶನಿವಾರ

ರಿಪೋರ್ಟ್. ರವಿ ಹೇಳಿದ, ನಾನು ಟೈಪ್ ಮಾಡಿದೆ. "ಪೂಜೆಯ ವೇಳೆ ಸ್ಥಳೀಯ ಮಹಿಳೆಯೊಬ್ಬರು ಹಚ್ಚಿದ ಕುಂಕುಮದ ತೇವದಿಂದ..." ಹೆಸರು ಹಾಕಿಲ್ಲವಲ್ಲ, ಬಿಡು ಅಂದುಕೊಂಡೆ. ಸೆನ್ಸರ್ ನನ್ನ ವಿಭಾಗ ಅಂತ ಸಹಿ ನನ್ನದೇ. ಒಂದು ಪ್ರತಿ ಬೆಂಗಳೂರಿಗೆ, ಒಂದು ಊರಿನ ಸಂಘಕ್ಕೆ.

ಅಕ್ಟೋಬರ್ 6, ಸೋಮವಾರ. ಮಧ್ಯಾಹ್ನ 3

ರಾತ್ರಿಯವರೆಗೆ ಕಾಯಲಾರೆ. ಈಗಲೇ ಬರೆಯುತ್ತೇನೆ.

ಕಾಲೇಜಿನ ಪ್ರದರ್ಶನಕ್ಕೆ ಗ್ರಿಪ್ಪರ್ ಒರೆಸುತ್ತಿದ್ದೆ. ಮುಟ್ಟಿದ್ದನ್ನೆಲ್ಲ ಅದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಸುಮ್ಮನೆ ತೆರೆದು ನೋಡಿದೆ. ಡೆಮೊ ದಿನ — 57, 59, 58 ಗ್ರಾಂ. ಸೆನ್ಸರ್ ಸರಿಯಾಗಿಯೇ ಹೇಳಿದೆ. ಮಿತಿ ಹದಿನೆಂಟರ ಬದಲು ಅರವತ್ತು. ಬದಲಾಯಿಸಿದ್ದು ಸೆಪ್ಟೆಂಬರ್ 11, ಸಂಜೆ 5.40. ರವಿಚಂದ್ರನ ಲಾಗಿನ್. ಆಗ ನಾನು ಬಸ್ಸಿನಲ್ಲಿ ಮದ್ದೂರು ದಾಟಿರಲಿಲ್ಲ.

ಕುಂಕುಮಕ್ಕೆ ನೀರು ಕಲಸಿ ಬೆರಳಿಗೆ ಹಚ್ಚಿ ಪರೀಕ್ಷಿಸಿದೆ. ವ್ಯತ್ಯಾಸ ಎರಡು ಗ್ರಾಂ. ಅಷ್ಟೇ.

ಅಕ್ಟೋಬರ್ 7, ಮಂಗಳವಾರ

ರವಿಯನ್ನು ಕೇಳಿದೆ. ಲ್ಯಾಪ್‌ಟಾಪಿನಿಂದ ತಲೆಯೂ ಎತ್ತಲಿಲ್ಲ.

"ಸ್ವಲ್ಪ ಬಿಗಿ ಮಾಡಿದೆ ಕಣೇ. ಇಷ್ಟಾಗುತ್ತೆ ಅಂತ ಗೊತ್ತಿರಲಿಲ್ಲ."

"ಗೊತ್ತಾದ ಮೇಲೆ?"

"ಕುಂಕುಮ ಅಂದಿದ್ದಕ್ಕೇ ಇನ್ನೊಂದು ಚಾನ್ಸ್ ಕೊಟ್ಟಿದ್ದಾರೆ. ಆ ಅಜ್ಜಿಗೆ ಏನು ನಷ್ಟ ಹೇಳು?"

ಆ ಅಜ್ಜಿ! ಅವಳ ಕೈಯ ಮುದ್ದೆ ಉಂಡು, ಅವಳನ್ನು ದೊಡ್ಡವ್ವ ಅಂತಲೇ ಕರೆಯುತ್ತಿದ್ದವನು. ನಂಬಿಸಿ ಕತ್ತು ಕೊಯ್ಯುವುದು ಅಂದರೆ ಇದೇ. ಅವನ ಮುಂದೆಯೇ ಅತ್ತುಬಿಟ್ಟೆ. ಅತ್ತಿದ್ದಕ್ಕೆ ಇನ್ನೂ ಸಿಟ್ಟು ಬರುತ್ತಿದೆ.

ಅಕ್ಟೋಬರ್ 12, ಭಾನುವಾರ. ಊರು

ಮಹದೇವು ಮನೆಯಲ್ಲಿ ಇವತ್ತು ಹುಳು ಹಣ್ಣಾಗಿವೆ. ಕೇರಿಯ ಹೆಂಗಸರೆಲ್ಲ ಅಲ್ಲಿ. ದೊಡ್ಡವ್ವ ಒಬ್ಬಳೇ ಮನೆಯಲ್ಲಿ ರಾಗಿ ಕೇರುತ್ತಿದ್ದಳು. ಡೆಮೊ ಆದಮೇಲೆ ಒಂದು ಮನೆಯವರೂ ಕರೆದಿಲ್ಲ. ಕೈಗುಣ ಹೋಯಿತಂತೆ. ಸಂಘದಲ್ಲಿ ರಿಪೋರ್ಟ್ ಓದಿ ಹೇಳಿದರಂತೆ.

ಫೋನಿನಲ್ಲಿ ಎಲ್ಲ ತೋರಿಸಿದೆ. "ನಿನ್ ತಪ್ಪಿಲ್ಲ ಕಣ್ ದೊಡ್ಡವ್ವ. ಮಾಡ್ದೋನು ರವಿ."

ಪೂರ್ತಿ ಕೇಳಿಸಿಕೊಂಡಳು. ಮೊರ ಕೆಳಗಿಟ್ಟಳು.

"ಅವ್ನ್ ಯಾರೋ, ಬುಡು. ಆ ಕಾಗ್ದಕ್ಕೆ ರುಜು ಆಕಿದ್ದು ನೀನಂತಲ್ಲ?"

"ನಂಗೂ ಗೊತ್ತಿರ್ನಿಲ್ಲ."

"ಗೊತ್ತಿಲ್ದಿದ್ರೆ ನನ್ನ ಒಂದ್ ಮಾತ್ ಕೇಳ್ಬೋದಿತ್ತು. ಕುಂಕ್ಮನ ನಾನ್ ಎಣ್ಣೇಲಿ ಕಲ್ಸಿದ್ದೆ ಕಣಮ್ಮ. ಕರೆಂಟಿನ್ ಸಾಮಾನು, ನೀರ್ ಮುಟ್ಟಿಸ್ಬಾರ್ದು ಅಂತ."

ಮತ್ತೆ ಮೊರ ತೆಗೆದುಕೊಂಡಳು. ಮಗಾ ಅನ್ನಲಿಲ್ಲ.

ಮೊನ್ನೆ ಪರೀಕ್ಷೆ ಮಾಡುವಾಗಲೂ ಕೇಳಲಿಲ್ಲ ನಾನು. ನೀರು ಅಂತಲೇ ಅಂದುಕೊಂಡೆ.

ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಹೆಂಗಸರು ಚೆದುರುವ ಮೊದಲು ಮಹದೇವು ಮನೆಗೆ ಹೋಗಿ ನಿಜ ಬರೆದ ಕಾಗದವನ್ನು ಎಲ್ಲರ ಮುಂದೆ ಓದಬೇಕು. ರವಿಚಂದ್ರನ ಹೆಸರಿನಿಂದ ಶುರು ಮಾಡಿದ್ದೆ. ಹೊಡೆದು ಹಾಕಿದೆ. ಮತ್ತೆ ಮೊದಲಿಂದ:

ಸುನಿತಾ ಎಂಬ ನಾನು, ನನ್ನನ್ನು ಸಾಕಿದವಳನ್ನು ಒಂದು ಮಾತೂ ಕೇಳದೆ —